ಗ್ರಾಮೀಣ ಯುವಜನರ ಸ್ವಂತ ಉದ್ಯೋಗಕ್ಕೆ ಸರ್ಕಾರದ ನೆರವು: ಸಹಾಯಧನದ ಲೆಕ್ಕ



ಎರಡು ಎಕರೆ ಮಳೆಯಾಶ್ರಿತ ಜಮೀನಿರುವ ಮನೆಯಲ್ಲಿ ಮೂವರು ಮಕ್ಕಳಿದ್ದರೆ ಆ ಮೂವರೂ ಅದೇ ಹೊಲವನ್ನು ನಂಬಿ ಬಾಳಲಾಗದು ಎಂಬುದನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಹಿರಿಯವನು ಬೇಸಾಯ ನೋಡಿಕೊಳ್ಳುತ್ತಾನೆ. ಎರಡನೆಯವನು ಓದಿ ಎಲ್ಲಿಯಾದರೂ ನೌಕರಿಗೆ ಸೇರುತ್ತಾನೆ. ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾಗಿ ಮನೆಯಲ್ಲಿಯೇ ಉಳಿದವನ ಗತಿ ಏನು? ಗಂಡನನ್ನು ಕಳೆದುಕೊಂಡು ಕೈಗೂಸಿನೊಡನೆ ತವರಿಗೆ ಬಂದ ಮಗಳ ಗತಿ ಏನು? ನಿಮ್ಮ ಹೊಲಕ್ಕೆ ಕೂಲಿಗೆ ಬರುವವರ ಮನೆಯ ಹುಡುಗನಿಗಂತೂ ಆ ಎರಡು ಎಕರೆಯೂ ಇಲ್ಲ.

ಇಂತಹ ಯುವಕ ಯುವತಿಯರಿಗಾಗಿ ಸರ್ಕಾರ ಹಲವು ವರ್ಷಗಳಿಂದ ಹಣ ತೆಗೆದಿರಿಸುತ್ತ ಬಂದಿದೆ. ಯೋಜನೆಗಳ ಹೆಸರು ಆಗಾಗ ಬದಲಾಗುತ್ತದೆ. ಹೆಸರನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಹಣ ಯಾವ ರೂಪದಲ್ಲಿ ಬರುತ್ತದೆ, ಯಾವಾಗ ಬರುತ್ತದೆ, ಯಾರ ಹೆಸರಿನಲ್ಲಿ ಎಲ್ಲಿ ಇರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಇದನ್ನು ತಿಳಿಯದೆ ಸಾಲದ ಪತ್ರಕ್ಕೆ ಸಹಿ ಹಾಕಿ, ವರ್ಷ ಕಳೆಯುವುದರೊಳಗೆ ಯಂತ್ರ ಮಾರಿ ಬಡ್ಡಿ ಕಟ್ಟಿದ ಮನೆಗಳನ್ನು ನಾವು ಕಂಡಿದ್ದೇವೆ. ಆದುದರಿಂದ ಈ ಪಾಠದಲ್ಲಿ ಎರಡೇ ವಿಷಯಗಳನ್ನು ವಿವರವಾಗಿ ತೆಗೆದುಕೊಂಡಿದ್ದೇವೆ. ಒಂದು, ತರಬೇತಿ. ಇನ್ನೊಂದು, ಸಾಲಕ್ಕೆ ಸೇರಿಕೊಂಡು ಬರುವ ಸಹಾಯಧನ.

ಹಳೆಯ ಯೋಜನೆ ಕಲಿಸಿದ್ದು

ಗ್ರಾಮೀಣ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ‘ಟ್ರೈಸೆಮ್’ ಎಂಬ ಯೋಜನೆಯನ್ನು ಕೇಂದ್ರ ಸರ್ಕಾರವು 1979ರ ಆಗಸ್ಟ್ 15ರಂದು ಪ್ರಾರಂಭಿಸಿತು. ಬಡತನದ ರೇಖೆಗಿಂತ ಕೆಳಗಿರುವ ಮನೆಗಳ 18ರಿಂದ 35 ವರ್ಷದೊಳಗಿನವರಿಗೆ ಹೊಲಿಗೆ, ಬಡಗಿ ಕೆಲಸ, ರೇಡಿಯೋ ದುರಸ್ತಿ ಮುಂತಾದವನ್ನು ಕಲಿಸಿ, ಕಲಿಯುವಾಗ ಭತ್ಯೆ ಕೊಟ್ಟು, ಅನಂತರ ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಲ ಸಹಾಯಧನ ಒದಗಿಸುವುದು ಅದರ ಉದ್ದೇಶವಾಗಿತ್ತು. ಉದ್ದೇಶದಲ್ಲಿ ತಪ್ಪು ಹುಡುಕಲಾಗದು. ಆದರೆ 1993ರಲ್ಲಿ ಸರ್ಕಾರವೇ ನಡೆಸಿದ ಪರಿಶೀಲನೆಯಲ್ಲಿ ತರಬೇತಿ ಪಡೆದವರ ಪೈಕಿ ಶೇಕಡ 47ರಷ್ಟು ಮಂದಿ ಕೆಲಸವಿಲ್ಲದೆ ಕುಳಿತಿದ್ದರು. ಸ್ವಂತ ಉದ್ಯೋಗ ಹಿಡಿದವರು ಶೇಕಡ 32ರಷ್ಟು ಮಾತ್ರ. ಕಲಿಸುವವರು ಒಂದು ಕಡೆ, ಸಾಲ ಕೊಡುವ ಬ್ಯಾಂಕು ಇನ್ನೊಂದು ಕಡೆ. ಕಲಿತ ಕೆಲಸಕ್ಕೆ ಊರಿನಲ್ಲಿ ಗಿರಾಕಿ ಉಂಟೇ ಎಂದು ಯಾರೂ ಕೇಳುತ್ತಿರಲಿಲ್ಲ. ಭತ್ಯೆ ಬರುವ ತನಕ ಹುಡುಗರು ಬರುತ್ತಿದ್ದರು, ನಿಂತ ಮೇಲೆ ಅವರೂ ನಿಲ್ಲುತ್ತಿದ್ದರು. 1999ರ ಏಪ್ರಿಲ್‌ನಲ್ಲಿ ಈ ಯೋಜನೆಯನ್ನು ಬೇರೆ ಯೋಜನೆಯೊಳಗೆ ಸೇರಿಸಿ ಮುಗಿಸಲಾಯಿತು.

ಇದೇ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬೇರೊಂದು ಪ್ರಯತ್ನ ನಡೆಯಿತು. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಅಲ್ಲಿನ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಕೂಡಿ 1982ರಲ್ಲಿ ಉಜಿರೆಯಲ್ಲಿ ‘ರುಡ್‌ಸೆಟ್’ ಸಂಸ್ಥೆಯನ್ನು ತೆರೆದವು. (ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು.) ಇಲ್ಲಿ ಭತ್ಯೆ ಇಲ್ಲ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಆದರೆ ಅಲ್ಲಿಯೇ ಉಳಿದು ಕಲಿಯಬೇಕು. ಸಾಲ ಕೊಡುವ ಬ್ಯಾಂಕೇ ತರಬೇತಿಯ ಪಾಲುದಾರ. ತರಬೇತಿ ಮುಗಿದ ಮೇಲೂ ಸಂಸ್ಥೆಯವರು ಎರಡು ವರ್ಷ ಹುಡುಗನ ಬೆನ್ನು ಬಿಡುವುದಿಲ್ಲ. ಈ ಕ್ರಮ ಫಲ ಕೊಟ್ಟದ್ದನ್ನು ನೋಡಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಜಿಲ್ಲೆಗೊಂದರಂತೆ ದೇಶದಾದ್ಯಂತ ಇಂತಹ ಸಂಸ್ಥೆಗಳನ್ನು ಸ್ಥಾಪಿಸಲು ನಿಯಮ ಹೊರಡಿಸಿತು. ಅವೇ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು. ಜನ ‘ಆರ್‌ಸೆಟಿ’ ಎನ್ನುತ್ತಾರೆ.

ಸರ್ಕಾರದ ಹಣ ಇಲ್ಲಿ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಗಮನಿಸಿ. 2009ರ ನಿಯಮದಂತೆ ಕಟ್ಟಡಕ್ಕೆ ಕೇಂದ್ರ ಸರ್ಕಾರದಿಂದ ಗರಿಷ್ಠ ಒಂದು ಕೋಟಿ ರೂಪಾಯಿ, ನಿವೇಶನ ರಾಜ್ಯ ಸರ್ಕಾರದ್ದು, ನಡೆಸುವ ಹೊಣೆ ಬ್ಯಾಂಕಿನದು, ಬಡ ಮನೆಗಳಿಂದ ಬಂದ ಕಲಿಯುವವರ ಖರ್ಚನ್ನು ಸರ್ಕಾರ ತುಂಬಿಕೊಡುತ್ತದೆ. ಕಲಿಯುವವರಲ್ಲಿ ಶೇಕಡ 70 ಮಂದಿಯಾದರೂ ಗ್ರಾಮೀಣ ಬಡ ಕುಟುಂಬಗಳಿಂದ ಬಂದವರಾಗಿರಬೇಕೆಂಬುದೂ ಆ ನಿಯಮದಲ್ಲಿದೆ. ಅಂದರೆ ನಿಮ್ಮ ಮಗನ ಕೈಗೆ ಒಂದು ಪೈಸೆಯೂ ಬರದಿದ್ದರೂ ಅವನ ಹೆಸರಿನಲ್ಲಿ ಸರ್ಕಾರ ಖರ್ಚು ಮಾಡಿರುತ್ತದೆ. ಇದನ್ನು ನೆರವೆಂದು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಎಲ್ಲ ನೆರವಿಗಿಂತಲೂ ಇದೇ ದೊಡ್ಡದು.

ತರಬೇತಿಯಲ್ಲಿ ಏನಿರುತ್ತದೆ?

ಹೈನುಗಾರಿಕೆ ಮತ್ತು ಎರೆಗೊಬ್ಬರ, ಕುರಿ ಸಾಕಣೆ, ಜೇನು ಸಾಕಣೆ, ಮನೆಯ ವೈರಿಂಗ್, ಮೊಬೈಲ್ ಫೋನ್ ದುರಸ್ತಿ, ಹೆಣ್ಣುಮಕ್ಕಳ ಉಡುಪಿನ ಹೊಲಿಗೆ, ಪಂಪ್‌ಸೆಟ್ ದುರಸ್ತಿ ಮತ್ತು ಮೋಟಾರ್ ರಿವೈಂಡಿಂಗ್ ಹೀಗೆ ಹಲವು ಬಗೆಯ ಶಿಬಿರಗಳು ನಡೆಯುತ್ತವೆ. ಕೆಲವು ಹತ್ತು ದಿನದವು, ಕೆಲವು ತಿಂಗಳು ಮೀರಿದವು. 18 ವರ್ಷ ತುಂಬಿರಬೇಕು. ಓದು ಬರಹ ಬಲ್ಲವರಾದರೆ ಹೆಚ್ಚಿನ ಶಿಬಿರಗಳಿಗೆ ಸಾಕು.

ಕೆಲಸದ ಕೌಶಲದ ಜೊತೆಗೆ ಇನ್ನೊಂದು ಭಾಗವಿದೆ. ಹೊಸಬರಿಗೆ ಅದು ಮಕ್ಕಳಾಟದಂತೆ ಕಾಣುತ್ತದೆ. ಒಂದು ಗೂಟ ನೆಟ್ಟು, ದೂರದಿಂದ ಬಳೆಯನ್ನು ಎಸೆದು ಅದಕ್ಕೆ ಹಾಕಬೇಕು. ಎಷ್ಟು ದೂರ ನಿಲ್ಲಬೇಕೆಂಬುದು ಅವರವರ ಇಷ್ಟ. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ಮಗ್ಗುಲಲ್ಲೇ ನಿಂತು ಹಾಕುತ್ತಾರೆ. ಕೆಲವರು ನಾಲ್ವರು ನೋಡಲೆಂದು ಗೋಡೆಯ ಹತ್ತಿರ ಹೋಗಿ ನಿಂತು ಎಸೆದು ಸೋಲುತ್ತಾರೆ. ಒಂದು ಸಲ ಎಸೆದು ನೋಡಿ, ತಪ್ಪಿದರೆ ಒಂದು ಹೆಜ್ಜೆ ಮುಂದೆ ಬಂದು, ಬಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯುವವನಿಗೆ ವ್ಯಾಪಾರ ಒಲಿಯುತ್ತದೆ. ಇಂತಹ ಅಭ್ಯಾಸಗಳಿಗೆ ಬುಡ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲೆಂಡ್ ಅವರ ಸಂಶೋಧನೆ. 1964ರಲ್ಲಿ ಆಂಧ್ರಪ್ರದೇಶದ ಕಾಕಿನಾಡದ ವ್ಯಾಪಾರಿಗಳಿಗೆ ಅವರ ಕ್ರಮದಂತೆ ತರಬೇತಿ ಕೊಡಲಾಗಿತ್ತು. ಉಜಿರೆಯ ಪದ್ಧತಿಯಲ್ಲಿ ಪ್ರತಿದಿನ ಬೆಳಿಗ್ಗೆ ಒಬ್ಬೊಬ್ಬರೂ ಎದ್ದು ನಿಂತು ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದೊಂದನ್ನು ಎಲ್ಲರ ಮುಂದೆ ಹೇಳುವ ಕ್ರಮವೂ ಇದೆ. ಗೌಡರ ಮುಂದೆ, ಸಾಹುಕಾರರ ಮುಂದೆ ತಲೆ ತಗ್ಗಿಸಿಯೇ ನಿಂತು ಅಭ್ಯಾಸವಾದ ಕೂಲಿಯವರ ಮನೆಯ ಹುಡುಗನಿಗೆ ಬ್ಯಾಂಕಿನ ಮ್ಯಾನೇಜರ ಎದುರು ಕುಳಿತು ಮಾತನಾಡುವ ಧೈರ್ಯ ಇಲ್ಲಿಂದ ಶುರುವಾಗುತ್ತದೆ.

ಯಾವ ಕಸುಬು ಆರಿಸಬೇಕು? ಊರಿಗೆ ಬೇಕಾದದ್ದನ್ನು. ನಿಮ್ಮ ಊರು ಮತ್ತು ಸುತ್ತಲ ನಾಲ್ಕು ಹಳ್ಳಿಗಳಲ್ಲಿ ಎಷ್ಟು ಕೊಳವೆಬಾವಿಗಳಿವೆ, ಮೋಟಾರು ಸುಟ್ಟಾಗ ರೈತರು ಎಷ್ಟು ದೂರ ಹೊತ್ತುಕೊಂಡು ಹೋಗುತ್ತಾರೆ, ಅಲ್ಲಿ ಎಷ್ಟು ದಿನ ಕಾಯುತ್ತಾರೆ ಎಂಬುದು ನಿಮಗೇ ಗೊತ್ತು. ಬೇಸಿಗೆಯಲ್ಲಿ ಬೆಳೆ ಬಾಡುತ್ತಿರುವಾಗ ಮೂರು ದಿನ ಮೋಟಾರು ನಿಂತರೆ ಆಗುವ ನಷ್ಟವೂ ಗೊತ್ತು. ಅದೇ ಊರಿನಲ್ಲಿ ಆಗಲೇ ಮೂರು ಮೊಬೈಲ್ ಅಂಗಡಿಗಳಿದ್ದರೆ ನಾಲ್ಕನೆಯದು ಏಕೆ? ಗೆಳೆಯ ಸೇರಿದನೆಂದು ತಾನೂ ಅದೇ ಶಿಬಿರಕ್ಕೆ ಸೇರುವ ಚಾಳಿಯನ್ನು ಮನೆಯ ಹಿರಿಯರು ತಡೆಯಬೇಕು.

ಸಹಾಯಧನದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಕಳೆದ ಬಾರಿ ನಮ್ಮ ತರಬೇತಿಗೆ ಬಂದಿದ್ದ ಒಬ್ಬ ಯುವಕ ಕೊನೆಯ ಸಾಲಿನಲ್ಲಿ ಕುಳಿತು, ಎಲ್ಲರೂ ಎದ್ದು ಹೋದ ಮೇಲೆ ಹತ್ತಿರ ಬಂದು ಕೇಳಿದ: ‘ಸರ್, ಎಪ್ಪತ್ತು ಸಾವಿರ ಕೈಗೆ ಯಾವಾಗ ಕೊಡ್ತಾರೆ? ಮಧ್ಯದವರಿಗೆ ಆರು ಸಾವಿರ ಕೊಟ್ಟಾಗಿದೆ.’ ಆ ಆರು ಸಾವಿರ ಅವನ ತಾಯಿ ಕೂಲಿ ಮಾಡಿ ಕೂಡಿಟ್ಟದ್ದು. ಎಪ್ಪತ್ತು ಸಾವಿರ ಎಂಬುದು ಸುಳ್ಳಲ್ಲ. ಕೈಗೆ ಎಂಬುದು ಸುಳ್ಳು.

ಪ್ರಧಾನಮಂತ್ರಿಯವರ ಉದ್ಯೋಗ ಸೃಜನ ಕಾರ್ಯಕ್ರಮವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಹಿಂದಿನ ಎರಡು ಯೋಜನೆಗಳನ್ನು ಕೂಡಿಸಿ 2008ರಲ್ಲಿ ಆರಂಭವಾದದ್ದು. 2022ರಲ್ಲಿ ಪರಿಷ್ಕರಿಸಿದ ನಿಯಮಗಳನ್ನು ಇಟ್ಟುಕೊಂಡು ಲೆಕ್ಕ ಮಾಡಿದ್ದೇವೆ. ದರಗಳು ಬದಲಾಗುವುದುಂಟು, ನೀವು ಅರ್ಜಿ ಹಾಕುವ ವರ್ಷದ ದರವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ ಇದೇ ರೀತಿ ಲೆಕ್ಕ ಹಾಕಿಕೊಳ್ಳಿ.

ಹಳ್ಳಿಯಲ್ಲಿ ಉದ್ಯಮ ಹೂಡುವ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇಕಡ 25 ಸಹಾಯಧನ. ಅವರು ಸ್ವಂತದ್ದು ಶೇಕಡ 10 ಹಾಕಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಹಿಳೆಯರು, ಅಂಗವಿಕಲರು ಮತ್ತು ಮಾಜಿ ಸೈನಿಕರಿಗೆ ಸಹಾಯಧನ ಶೇಕಡ 35, ಸ್ವಂತದ್ದು ಶೇಕಡ 5.

ಪರಿಶಿಷ್ಟ ಜಾತಿಯ ಒಬ್ಬ ಯುವಕ ತನ್ನ ಹಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಡುತ್ತಾನೆ ಎನ್ನೋಣ. ಸುತ್ತುವ ಯಂತ್ರ, ಡ್ರಿಲ್, ಪರೀಕ್ಷಿಸುವ ಮೀಟರುಗಳು, ಮೇಜು, ತಾಮ್ರದ ತಂತಿಯ ದಾಸ್ತಾನು ಎಲ್ಲ ಸೇರಿ ರೂ. 2,00,000. ಅವನು ಹಾಕಬೇಕಾದದ್ದು ರೂ. 10,000. ಉಳಿದ ರೂ. 1,90,000 ಬ್ಯಾಂಕು ಕೊಡುತ್ತದೆ. ಸಹಾಯಧನ ರೂ. 70,000. ಇದು ಆ 1,90,000ದ ಮೇಲೆ ಬರುವ ಹಣವಲ್ಲ, ಅದರೊಳಗಿನದೇ.

ಸಾಲ ಬಿಡುಗಡೆಯಾಗಿ, ತರಬೇತಿಯ ಪ್ರಮಾಣಪತ್ರ ಸಲ್ಲಿಸಿದ ಮೇಲೆ ಬ್ಯಾಂಕು ಈ 70,000 ರೂಪಾಯಿಗಳನ್ನು ಸರ್ಕಾರದಿಂದ ತರಿಸಿಕೊಳ್ಳುತ್ತದೆ. ಬಂದ ಹಣವನ್ನು ಅವನ ಹೆಸರಿನಲ್ಲಿ ಮೂರು ವರ್ಷದ ಠೇವಣಿಯಾಗಿ ಇಡುತ್ತದೆ. ಆ ಠೇವಣಿಗೆ ಬಡ್ಡಿ ಬರುವುದಿಲ್ಲ. ಅದಕ್ಕೆ ಸಮನಾದ ಸಾಲದ ಭಾಗಕ್ಕೆ ಬ್ಯಾಂಕು ಬಡ್ಡಿ ಹಾಕುವಂತೆಯೂ ಇಲ್ಲ. ಅಂದರೆ ಠೇವಣಿ ಇಟ್ಟ ದಿನದಿಂದ ಅವನು ಬಡ್ಡಿ ಕೊಡಬೇಕಾದದ್ದು ಹೆಚ್ಚೆಂದರೆ ರೂ. 1,20,000ಕ್ಕೆ. ಬಡ್ಡಿ ಶೇಕಡ 11 ಎಂದು ಇಟ್ಟುಕೊಂಡರೆ 1,90,000ಕ್ಕೆ ವರ್ಷಕ್ಕೆ ರೂ. 20,900 ಆಗುತ್ತಿತ್ತು, 1,20,000ಕ್ಕೆ ರೂ. 13,200 ಆಗುತ್ತದೆ. ವರ್ಷಕ್ಕೆ ರೂ. 7,700 ಉಳಿತಾಯ. ಪಾಸ್ ಪುಸ್ತಕದಲ್ಲಿ ಪೂರ್ತಿ ಸಾಲಕ್ಕೆ ಬಡ್ಡಿ ಬಿದ್ದಿದ್ದರೆ ಠೇವಣಿ ಯಾವ ದಿನ ಇಟ್ಟಿರಿ ಎಂದು ಕೇಳುವ ಹಕ್ಕು ಅವನಿಗಿದೆ. ಬಹಳ ಮಂದಿ ಕೇಳುವುದಿಲ್ಲ.

ಮೂರು ವರ್ಷವಾದ ಮೇಲೆ ಅಂಗಡಿ ನಡೆಯುತ್ತಿದೆಯೇ ಎಂದು ಬಂದು ನೋಡುತ್ತಾರೆ. ನಡೆಯುತ್ತಿದ್ದರೆ 70,000 ರೂಪಾಯಿ ಸಾಲಕ್ಕೆ ಜಮೆಯಾಗುತ್ತದೆ. ನಡುವೆಯೇ ಬೇಕೆಂದು ಅಂಗಡಿ ಮುಚ್ಚಿ ಯಂತ್ರ ಮಾರಿದರೆ ಆ ಹಣ ಸರ್ಕಾರಕ್ಕೆ ಹಿಂದಿರುಗುತ್ತದೆ, ಸಾಲವೆಲ್ಲ ಅವನ ತಲೆಯ ಮೇಲೆ ಉಳಿಯುತ್ತದೆ. ಆದುದರಿಂದ ಇದನ್ನು ಮೂರು ವರ್ಷದ ದುಡಿಮೆಗೆ ಇಟ್ಟ ಬಹುಮಾನವೆಂದು ತಿಳಿಯುವುದು ಮೇಲು. ಕುರಿಗೆ ತೋಳ ಬೀಳುವುದಿಲ್ಲವೆಂಬ ನಂಬಿಕೆಯಿಂದ ಯಾರೂ ಕುರಿ ಕಟ್ಟುವುದಿಲ್ಲ. ದೊಡ್ಡಿ ಭದ್ರ ಮಾಡಿಕೊಂಡೇ ಕಟ್ಟುತ್ತಾರೆ.

ಕಂತು ಎಷ್ಟು ಬೀಳಬಹುದು? ರೂ. 1,20,000ವನ್ನು ಶೇಕಡ 11ರ ಬಡ್ಡಿಯಲ್ಲಿ ಮೂರು ವರ್ಷಕ್ಕೆ ಸಮಾನ ಕಂತು ಮಾಡಿದರೆ ತಿಂಗಳಿಗೆ ಸುಮಾರು ರೂ. 3,930 ಆಗುತ್ತದೆ. ತಿಂಗಳಲ್ಲಿ 25 ದಿನ ಕೆಲಸ ಎಂದರೆ ದಿನಕ್ಕೆ ರೂ. 157. ಅಂಗಡಿ ಬಾಡಿಗೆ, ವಿದ್ಯುತ್ ಬಿಲ್ಲು, ತಂತಿಯ ಖರ್ಚು, ಮನೆಗೆ ಕೊಡುವ ಹಣ ಕಳೆದು ಇಷ್ಟು ಮಿಗುತ್ತದೆಯೇ ಎಂದು ತಂದೆ ಮಗ ಇಬ್ಬರೂ ಕುಳಿತು ಸ್ಲೇಟಿನ ಮೇಲೆ ಬರೆದು ನೋಡಬೇಕು. ಮಳೆಗಾಲದಲ್ಲಿ ಮೋಟಾರು ಓಡುವುದು ಕಡಿಮೆ, ಆಗ ಕೆಲಸವೂ ಕಡಿಮೆ. ಆ ತಿಂಗಳುಗಳ ಕಂತನ್ನು ಬೇಸಿಗೆಯಲ್ಲೇ ಎತ್ತಿಡಬೇಕು. ಕೆಲವು ಶಾಖೆಗಳಲ್ಲಿ ಪೂರ್ತಿ ಸಾಲಕ್ಕೆ ಕಂತು ಕಟ್ಟಿ ಹೆಚ್ಚು ವರ್ಷದ ಅವಧಿ ಕೊಡುವುದುಂಟು. ಸಹಿ ಹಾಕುವ ಮೊದಲೇ ಕಂತೆಷ್ಟು, ಎಷ್ಟು ತಿಂಗಳು, ಮೊದಲ ಕಂತು ಯಾವಾಗ ಎಂಬ ಮೂರನ್ನು ಕೇಳಿ ಬರೆದುಕೊಳ್ಳಿ.

ಜಮೀನು ಅಡವಿಡಬೇಕೇ ಎಂಬ ಅಂಜಿಕೆ ಎಲ್ಲರಿಗೂ ಇರುತ್ತದೆ. ಸಣ್ಣ ಉದ್ಯಮಗಳಿಗೆ ಹತ್ತು ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕು 2010ರಲ್ಲಿಯೇ ಆದೇಶಿಸಿದೆ. ಪಹಣಿ ತನ್ನಿ ಎಂದರೆ ಏತಕ್ಕೆಂದು ವಿನಯದಿಂದ ಕೇಳಿ. ಭೂಮಿಯಿಲ್ಲದವನಿಗೂ ಈ ಸಾಲ ಸಿಗಬೇಕೆಂಬುದೇ ಆ ಆದೇಶದ ಹುರುಳು.

ಇನ್ನೆರಡು ಮಾತು. ಇಲ್ಲಿ ಹೇಳಿದ ಸಹಾಯಧನ ಹೊಸ ಉದ್ಯಮಗಳಿಗೆ ಮಾತ್ರ. ಆಗಲೇ ಬೇರೆ ಸರ್ಕಾರಿ ಸಹಾಯಧನ ಪಡೆದ ಅಂಗಡಿಯನ್ನೇ ಮತ್ತೆ ತೋರಿಸುವಂತಿಲ್ಲ. ನಿವೇಶನದ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ.

ಸಾಲ ಬೇಡವೆನ್ನುವವರಿಗೆ

ಎಲ್ಲರಿಗೂ ಅಂಗಡಿ ಇಡುವ ಸ್ವಭಾವ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಸಂಬಳದ ಕೆಲಸ ಬಯಸುವ ಬಡ ಗ್ರಾಮೀಣ ಯುವಕರಿಗಾಗಿ 2014ರ ಸೆಪ್ಟೆಂಬರ್‌ನಲ್ಲಿ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಆರಂಭವಾಯಿತು. 15ರಿಂದ 35 ವರ್ಷದವರಿಗೆಂದು ಮಾಡಿದ್ದು. ಹೆಣ್ಣುಮಕ್ಕಳಿಗೆ ಮತ್ತು ಅಂಗವಿಕಲರಿಗೆ 45ರವರೆಗೆ ಅವಕಾಶವಿಟ್ಟಿತ್ತು. ಕೆಲಸ ದೂರದ ಪಟ್ಟಣದಲ್ಲಿ ಸಿಗುವುದೇ ಹೆಚ್ಚು. ಸಂಬಳದಲ್ಲಿ ಬಾಡಿಗೆ ಊಟ ಕಳೆದು ಮನೆಗೆ ಎಷ್ಟು ಕಳಿಸಬಲ್ಲ ಎಂಬುದನ್ನು ಮೊದಲೇ ನೋಡಿಕೊಂಡರೆ ಮೂರೇ ತಿಂಗಳಿಗೆ ಬಿಟ್ಟು ಬರುವುದು ತಪ್ಪುತ್ತದೆ.

ನಮ್ಮ ರಾಜ್ಯದ ಯುವನಿಧಿಯನ್ನು ಎಲ್ಲರೂ ಬಲ್ಲರು. 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭಿಸಿ, 2024ರ ಜನವರಿಯಲ್ಲಿ ಹಣ ಕೊಡಲು ತೊಡಗಿದ ಈ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ರೂ. 3,000, ಡಿಪ್ಲೊಮಾ ಮುಗಿಸಿದವರಿಗೆ ರೂ. 1,500, ಗರಿಷ್ಠ ಎರಡು ವರ್ಷ ಎಂದು ನಿಗದಿಯಾಯಿತು. ಓದಿದವರ ಕೈಗೆ ಬಸ್ಸಿನ ಖರ್ಚಿಗೆ, ಅರ್ಜಿ ಶುಲ್ಕಕ್ಕೆ ಇದು ಆಸರೆ. ಆದರೆ ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಕೂಲಿಯವನ ಮಗ ಇದರೊಳಗೆ ಬರುವುದಿಲ್ಲ. ಹೆಚ್ಚು ಓದಿದವನಿಗೆ ಹೆಚ್ಚು ನೆರವು ಎಂಬ ಈ ಕ್ರಮ ನಮಗೆ ಪೂರ್ತಿ ಒಪ್ಪಿಗೆಯಾದದ್ದಲ್ಲ. ಶಾಲೆ ಬಿಟ್ಟವನಿಗೆ ಮೇಲೆ ಹೇಳಿದ ತರಬೇತಿಯೇ ಹತ್ತಿರದ ಬಾಗಿಲು ಎಂಬುದಕ್ಕಾಗಿ ಈ ಮಾತು ಬರೆದೆವು.

ಅಂಗವಿಕಲ ಮಕ್ಕಳಿರುವ ಮನೆಯವರು ಒಂದು ವಿಷಯ ಗುರುತು ಹಾಕಿಕೊಳ್ಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇಕಡ 5ರಷ್ಟನ್ನು ಶೇಕಡ 40 ಅಥವಾ ಅದಕ್ಕೂ ಹೆಚ್ಚಿನ ಅಂಗವಿಕಲತೆ ಇರುವವರಿಗೆ ಮೀಸಲಿಡಬೇಕು. ಅವರಲ್ಲಿಯೂ ಹೆಣ್ಣುಮಕ್ಕಳಿಗೆ ಆದ್ಯತೆ. ಕುಳಿತು ಮಾಡಬಲ್ಲ ರಿವೈಂಡಿಂಗ್, ಹೊಲಿಗೆ, ಮೊಬೈಲ್ ದುರಸ್ತಿ ಇವರಿಗೆ ಒಗ್ಗುತ್ತದೆ. ಇವನು ಏನು ಮಾಡಿಯಾನು ಎಂದು ಮನೆಯವರೇ ಮೂಲೆಗೆ ಕೂರಿಸಿದ ಹುಡುಗರು ಶಿಬಿರದಲ್ಲಿ ಎಲ್ಲರಿಗಿಂತ ಅಚ್ಚುಕಟ್ಟಾಗಿ ತಂತಿ ಸುತ್ತಿದ್ದನ್ನು ನಾವು ನೋಡಿದ್ದೇವೆ.

ಅರ್ಜಿ ಹಾಕುವ ಬಗೆ

ಮೊದಲು ಜಿಲ್ಲಾ ಕೇಂದ್ರದಲ್ಲಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ, ಮುಂದಿನ ಶಿಬಿರಗಳ ಪಟ್ಟಿ ಕೇಳಿ. ಆಧಾರ್ ಕಾರ್ಡು, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕ, ಶಾಲೆಯ ವರ್ಗಾವಣೆ ಪತ್ರ ಇಲ್ಲವೆ ಅಂಕಪಟ್ಟಿ, ಭಾವಚಿತ್ರ ಇವುಗಳ ನಕಲು ಜೊತೆಯಲ್ಲಿರಲಿ. ಜಾತಿ ಪ್ರಮಾಣಪತ್ರ ಸಾಲದ ಹೊತ್ತಿಗೆ ಬೇಕಾಗುತ್ತದೆ. ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ಮನೆಯ ಹೆಣ್ಣುಮಕ್ಕಳು ಸ್ವಸಹಾಯ ಸಂಘದಲ್ಲಿದ್ದರೆ ಸಂಘದ ಮೂಲಕವೂ ಹೆಸರು ಕೊಡಬಹುದು.

ತರಬೇತಿ ನಡೆಯುತ್ತಿರುವಾಗಲೇ ಯೋಜನಾ ವರದಿಯನ್ನು ಅಲ್ಲಿನ ಬೋಧಕರ ಸಹಾಯದಿಂದ ಸ್ವತಃ ಬರೆಯಬೇಕು. ಬೇರೆಯವರು ಬರೆದುಕೊಟ್ಟ ವರದಿಯನ್ನು ಹಿಡಿದುಕೊಂಡು ಹೋದವನಿಗೆ ಮ್ಯಾನೇಜರು ತಂತಿಯ ಬೆಲೆ ಕೇಳಿದರೆ ಬಾಯಿ ಬರುವುದಿಲ್ಲ. ಸಾಲದ ಅರ್ಜಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರ ಅಥವಾ ಖಾದಿ ಮತ್ತು ಗ್ರಾಮೋದ್ಯೋಗ ಮಂಡಳಿಯ ಮೂಲಕ ಕಂಪ್ಯೂಟರಿನಲ್ಲಿ ಹಾಕುತ್ತಾರೆ; ಅದಕ್ಕೆ ಶುಲ್ಕವಿಲ್ಲ. ಮಧ್ಯವರ್ತಿಗಳನ್ನು ಯಾರೂ ನೇಮಿಸಿಲ್ಲ. ಅರ್ಜಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಬ್ಯಾಂಕು ಸಾಲ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಆ ಪತ್ರವನ್ನು ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ತೋರಿಸಿದರೆ ಅರ್ಜಿಯನ್ನು ಮತ್ತೆ ಪರಿಶೀಲಿಸುವಂತೆ ಕೇಳಬಹುದು.

ನಿಮ್ಮ ಹೊಲಕ್ಕೆ ಕೆಲಸಕ್ಕೆ ಬರುವ ಮನೆಯಲ್ಲಿ ಇಂತಹ ಹುಡುಗ ಹುಡುಗಿಯರಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ. ಮೊದಲ ಸಲ ಸಂಸ್ಥೆಗೆ ಹೋಗುವ ದಿನ ಸಾಧ್ಯವಾದರೆ ಜೊತೆಗೆ ಹೋಗಿ ಬನ್ನಿ. ಕಾಗದಗಳ ಮೂಲ ಪ್ರತಿಯನ್ನು ಮಾತ್ರ ತೋರಿಸಿ ವಾಪಸು ತನ್ನಿ, ಯಾರ ಕೈಯಲ್ಲೂ ಬಿಟ್ಟು ಬರಬೇಡಿ.